ಶರ್ಯತ್ತಿಗೆ ಹೋಗದ ಹೋರಿ

ಆ ಮಾಲಕನ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ಮರಾಠಿ ಸೀಮೆಯಲ್ಲಿ, ಕಾತ್ರಜದ ಆಚೆ, ಘಾಟಿನ ಬುಡದಲ್ಲಿ ಅವನದೊಂದು ಗೋಠಾ, ಅಂದರೆ ಎಮ್ಮೆಗಳ ಕೊಟ್ಟಿಗೆ, ಇತ್ತು. ಯಾದಗಿರಿ ಕಡೆಯಿಂದ ದುಡಿಯಲು ಬಂದ ನಮ್ಮಪ್ಪ ಅಲ್ಲಿ ಸೆಗಣಿ ಬಳಿದು ಹಾಲು ಕರೆಯುತ್ತಿದ್ದ. ಗೋಠಾದ ಗೋಡೆಗೆ ಹತ್ತಿಕೊಂಡ ತಗಡಿನ ಖೋಲಿಯೇ ನಮ್ಮ ಮನೆ. ಅವ್ವ ಎರಡು ಆಡು ಸಾಕಿದ್ದಳು. ಮಗಳಾದ ನಾನು ದಿನವೂ ಬಸ್ಸು ಹಿಡಿದು ಸದಾಶಿವ ಪೇಠದ ಔಷಧದ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಾಲಕನಿಗೆ ಎತ್ತಿನ ಗಾಡಿ ಓಟದ ಶರ್ಯತ್ತಿನ ಹುಚ್ಚು. ಅದಕ್ಕೆಂದೇ ಸಾಕಿದ ಬಿಳಿ ಹೋರಿಯ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಮ್ಮ ಖೋಲಿಯಲ್ಲಿ ಫ್ಯಾನಿರಲಿಲ್ಲ.

ಮಳೆಗಾಲದ ಒಂದು ಮುಂಜಾನೆ ಎಮ್ಮೆಯೊಂದು ಸತ್ತುಬಿದ್ದಿತ್ತು. ಹಿಂದಿನ ಸಂಜೆ ಅದು ಚೆನ್ನಾಗಿಯೇ ಮೇವು ತಿಂದಿತ್ತು. ಹೊಟ್ಟೆ ಉಬ್ಬಿತ್ತು. ಮೂಗಿನಿಂದ, ಹಿಂದಿನಿಂದ ಕಪ್ಪು ರಕ್ತ ಹೆಪ್ಪುಗಟ್ಟದೆ ಸೋರುತ್ತಲೇ ಇತ್ತು.

"ಕಾಲು ಇನ್ನೂ ಸೆಟದಿಲ್ಲ ನೋಡ್ರಿ, ಮಾಲಕ್ರ," ಎಂದ ಅಪ್ಪ. "ಡಾಕ್ಟರಿಗೆ ಕರಸೋಣ್ರಿ."

"ಹಾವು ಕಚ್ಚಿದೆ. ಚರ್ಮ ಸುಲಿದು ಹಳ್ಳದ ಕಡೆ ಎಳೆದು ಹಾಕು," ಎಂದು ಮಾಲಕ ಮರಾಠಿಯಲ್ಲಿ ಗದರಿದ.

ಅಪ್ಪ ಸುಲಿದ. ಅವನ ಕೆಲಸ, ನಮ್ಮ ಖೋಲಿ, ಎರಡೂ ಆ ಬಾಯಿಯ ಮಾತಿನ ಮೇಲೆ ನಿಂತಿದ್ದವು.

ಕೆಲವೇ ದಿನಗಳಲ್ಲಿ ಅಪ್ಪನ ಮುಂಗೈ ಮೇಲೆ ಒಂದು ಗುಳ್ಳೆ ಎದ್ದಿತು. ಮೊದಲು ಬರೀ ತುರಿಕೆ. ಆಮೇಲೆ ಗುಳ್ಳೆ ಒಡೆದು ನಡುವೆ ಇದ್ದಿಲಿನಂತೆ ಕಪ್ಪಾಯಿತು, ಸುತ್ತ ಕೈಯೆಲ್ಲ ಬಾತುಕೊಂಡಿತು. ವಿಚಿತ್ರವೆಂದರೆ ಅಷ್ಟಾದರೂ ನೋವಿರಲಿಲ್ಲ. ದವಾಖಾನೆಗೆ ಹೊರಟಾಗ ಮಾಲಕ ಬಾಗಿಲಿಗೆ ಬಂದು, "ಮೊಳೆ ತರಚಿತು ಅಂತ ಹೇಳು" ಎಂದು ತಾಕೀತು ಮಾಡಿದ. ಅಪ್ಪ ಹಾಗೆಯೇ ಹೇಳಿದ. ಆದರೆ ಡಾಕ್ಟರು, "ಸತ್ತ ದನ ಏನಾದರೂ ಮುಟ್ಟಿದ್ದಿರಾ?" ಎಂದು ಕೇಳಿದೊಡನೆ ಅವ್ವ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ದನದಿಂದ ಮನುಷ್ಯರಿಗೂ ಹತ್ತುವ ಅಂಥ್ರಾಕ್ಸ್ ಎಂಬ ರೋಗದ ಮಾತು ನಮ್ಮ ಕಿವಿಗೆ ಬಿದ್ದದ್ದು ಅಂದೇ.

ಅಪ್ಪ ಆಸ್ಪತ್ರೆಯಲ್ಲಿರುವಾಗಲೇ ಹಳ್ಳದ ಕಡೆ ಮೇಯುತ್ತಿದ್ದ ನಮ್ಮ ಆಡುಗಳೂ ಹೋದವು. ಗಬ್ಬದ ಆಡು ಅವ್ವನ ಕಣ್ಣೆದುರೇ ನಡುಗಿ, ತೂರಾಡಿ, ಕಾಲು ಬಡಿಯುತ್ತಾ ಬಿತ್ತು. ಅವ್ವ ಅದರ ತಲೆ ಎತ್ತಿಕೊಳ್ಳಲು ಓಡಿದಳು. ನಾನು ಅವಳನ್ನು ಸೊಂಟ ಹಿಡಿದು ಹಿಂದಕ್ಕೆಳೆದೆ. ಮುಟ್ಟಿ ಅಳಲಿಕ್ಕೂ ಬಿಡಲಿಲ್ಲವಲ್ಲ ಎಂದು ಅವಳು ಇವತ್ತಿಗೂ ನನ್ನನ್ನು ಬೈಯುತ್ತಾಳೆ.

ಆಸ್ಪತ್ರೆಯವರು ತಿಳಿಸಿದ್ದರಿಂದ ಸರಕಾರಿ ದನದ ಡಾಕ್ಟರಮ್ಮ ಬಂದರು. ಆಡುಗಳ ಹೊಟ್ಟೆ ಕೊಯ್ಯಲು ಬಿಡದೆ, ಆಳದ ಗುಂಡಿಯಲ್ಲಿ ಸುಣ್ಣ ಸುರಿಸಿ ಹೂಳಿಸಿದರು. ಗೋಠಾದ ಹಾಲು ನಿಲ್ಲಿಸಿ, ಉಳಿದ ದನಗಳಿಗೆ ಚುಚ್ಚುಮದ್ದು ಹಾಕಿದರು. ತಾವು ಹೇಳುವವರೆಗೆ ಒಂದು ದನವೂ ಹೊರಗೆ ಹೋಗಬಾರದು ಎಂದರು. ಆಗ ಮಾಲಕ ಊರವರ ಮುಂದೆ ಅವ್ವನತ್ತ ಕೈ ತೋರಿಸಿ, "ಈ ರೋಗ ಇವರ ಆಡಿನಿಂದ ಬಂತು, ಕರ್ನಾಟಕದಿಂದ ತಂದಿದ್ದಾರೆ" ಎಂದು ಕೂಗಿದ. ಆ ಆಡುಗಳು ಹುಟ್ಟಿದ್ದೇ ಅವನ ಗೋಡೆಯ ಪಕ್ಕದಲ್ಲಿ! ಅದೇ ಸಂಜೆ ನಮ್ಮ ಪಾತ್ರೆ ಪಗಡೆ ರಸ್ತೆಗೆ ಬಿದ್ದವು.

ನಾನು ಕಾದೆ. ವಾಕಡದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದರ ತಗಡಿನ ಶೆಡ್ಡು ಸೇರಿಕೊಂಡೆವು; ಅಲ್ಲಿ ಮಲಗುವಾಗಲೂ ಅವನನ್ನೇ ನೆನೆಯುತ್ತಿದ್ದೆ. ದನ ಹೊರಗೆ ಬಿಡಬಾರದೆಂಬ ಡಾಕ್ಟರಮ್ಮನ ಅಪ್ಪಣೆ ಇನ್ನೂ ತೆರವಾಗಿರಲಿಲ್ಲ. ಅಷ್ಟರಲ್ಲಿ ಒಂದು ದಿನ ಮಾಲಕನ ಮೊಬೈಲ್ ಸ್ಟೇಟಸ್ಸಿನಲ್ಲಿ ಹಾರ ಹಾಕಿದ ಹೋರಿಯ ಫೋಟೋ ಕಂಡಿತು: ಭಾನುವಾರ ಶರ್ಯತ್ತು. ಕೂಡಲೇ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅಂಗಡಿಗೆ ರಜೆ ಹಾಕಿ ನಾನೂ ಮೈದಾನಕ್ಕೆ ಹೋದೆ. ಅದನ್ನು ಕಣ್ಣಾರೆ ನೋಡದೆ ನನಗೆ ತೃಪ್ತಿ ಇರಲಿಲ್ಲ.

ಹಲಗೆ ಬಾರಿಸುವ ಸದ್ದಿನ ನಡುವೆ ಟೆಂಪೋದಿಂದ ಹೋರಿ ಇಳಿಯುವಷ್ಟರಲ್ಲಿ ಡಾಕ್ಟರಮ್ಮ ಪೊಲೀಸರೊಂದಿಗೆ ಅಡ್ಡ ನಿಂತರು. ಗೋಠಾದ ರೋಗದ ಸುದ್ದಿಯನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಹಾರ ಹಿಡಿದವರು ಹಿಂದೆ ಸರಿದರು. ಮಾಲಕನ ಅಳಿಯನೇ ಹಗ್ಗ ಬಿಟ್ಟು ಪ್ಯಾಂಟಿಗೆ ಕೈ ಒರೆಸಿಕೊಂಡ. ಮಾಲಕ ಕೈಮುಗಿದು ಗೋಗರೆಯುತ್ತಿದ್ದವನು ಗುಂಪಿನಲ್ಲಿ ನನ್ನ ಮುಖ ಕಂಡು ಹಾಗೇ ನಿಂತುಬಿಟ್ಟ.

"ಹೌದ್ರಿ, ನಾನೇ ಹೇಳೀನಿ," ಎಂದೆ, ಕನ್ನಡದಲ್ಲೇ. ಅವನಿಗೆ ತಿಳಿಯಿತು.

ಅಷ್ಟರಲ್ಲಿ ಗುಣವಾಗಿ ಶೆಡ್ಡಿಗೆ ಬಂದಿದ್ದ ಅಪ್ಪ ಇದನ್ನು ಕೇಳಿ ಖುಷಿಪಡಲಿಲ್ಲ. "ಆ ಹೋರಿ ನಿನಗೇನ್ ಮಾಡಿತ್ತವ್ವಾ?"

"ಅವ್ವನ ಆಡು ಅವಂಗೇನ್ ಮಾಡಿದ್ವು?"

ಅಪ್ಪ ಕಲೆ ಉಳಿದ ಕೈ ತೊಳೆಯಲು ಎದ್ದುಹೋದ. ಅವ್ವ ಮಾತ್ರ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಅವನ ಮಾರಿ ಹೆಂಗಾಗಿತ್ತು, ಇನ್ನೊಮ್ಮೆ ಹೇಳು" ಎಂದಳು. ನಾನು ಮೊದಲಿಂದ ಹೇಳಿದೆ, ಅವಳು ಊಟ ಬಿಟ್ಟು ಕೇಳುತ್ತಾ ಕೂತಳು.