ಡಿಕ್ಕಿಯಲ್ಲಿ ಮರಳು ಮೂಟೆ

ಜನ ಓಡಾಡುವ ರಸ್ತೆಯಲ್ಲಿ ಹೊಂಡ. ಒಂದು ಮನೆಯೂ ಏಳದ ಲೇಔಟಿಗೆ ಕನ್ನಡಿಯಂಥ ಕಾಂಕ್ರೀಟು. ಹೊಸನಗರದ ದಾರಿಯಲ್ಲಿದ್ದ ಅಂಥದೊಂದು ಲೇಔಟನ್ನು, ಸೈಟು ಮಾರಾಟವಾಗದ ಮಾಲೀಕ ಆ ಭಾನುವಾರ ಡ್ರ್ಯಾಗ್ ರೇಸಿಗೆ ಬಾಡಿಗೆ ಕೊಟ್ಟಿದ್ದ. ನಿಂತಲ್ಲಿಂದ ಹೊರಟು ನೇರ ಓಡಬೇಕು, ಮೊದಲು ಗೆರೆ ದಾಟಿದವರು ಗೆದ್ದಂತೆ. ಎರಡು ಪ್ರಾಕ್ಟೀಸ್ ಓಟ, ಆಮೇಲೆ ನಿಜವಾದ ಓಟ.

ಸುಪ್ರಿಯಾ ಸಾಗರದ ಒಂದು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಮಂಡಗದ್ದೆಯ ತವರಿನಲ್ಲಿ ಹಾಲಿನ ವ್ಯಾನ್ ಓಡಿಸಿ ಕೈ ಪಳಗಿಸಿಕೊಂಡವಳು. ದಿನವಿಡೀ "ಕ್ಲಚ್ ನಿಧಾನ ಬಿಡಿ ಸಾರ್, ನಿಧಾನ" ಎಂದು ಗಂಟಲು ಒಣಗಿಸಿಕೊಂಡ ಸಂಬಳದಲ್ಲೇ ಈಗ ರೇಸಿಗೆ ತಂದಿರುವ ಈ ಹಳೇ ಕಾರು ಕೊಂಡಿದ್ದಳು. ಮೈದುನ ಲಿಖಿತನಿಗೆ ಅದನ್ನು ಬಾಡಿಗೆಗೆ ಓಡಿಸುವ ಆಸೆ. "ಅತ್ತಿಗೆ, ಮೊದಲ ಸುತ್ತಲ್ಲೇ ಸೋತ್ರೆ ಕಾರು ನಂಗೆ" ಎಂದು ಹಿಂದಿನ ರಾತ್ರಿ ಊಟದ ಹೊತ್ತಿಗೆ ಕೆಣಕಿದ್ದ. ಸಿಟ್ಟಿನಲ್ಲಿ ಇವಳು "ತಗೋ" ಅಂದುಬಿಟ್ಟಿದ್ದಳು. ಮನೆಯವರಿಗೆ ಅಷ್ಟೇ ಸಾಕಾಯಿತು. ಯಾರ ದುಡಿಮೆಯ ಕಾರು ಎಂದು ಒಬ್ಬರೂ ಕೇಳಲಿಲ್ಲ. ಸೊಸೆಯ ಕಾರು ಮನೆಯ ಕಾರು. ಲಿಖಿತನ ಬೈಕು ಮಾತ್ರ ಲಿಖಿತನದು. ಇವನು ಆಗಲೇ ರೇಸಿನ ಜಾಗಕ್ಕೆ ಬೈಕಿನಲ್ಲಿ ಬಂದಿಳಿದು, ಕಾರಿನ ಎರಡನೇ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ.

ಮೊದಲ ಪ್ರಾಕ್ಟೀಸಿನಲ್ಲಿ ಮುಂದಿನ ಚಕ್ರಗಳು ನಿಂತಲ್ಲೇ ಗಿರ್ರೆಂದು ತಿರುಗಿ ಹೊಗೆ ಎಬ್ಬಿಸಿದವು. ಕಾರು ಕದಲುವಷ್ಟರಲ್ಲಿ ಪಕ್ಕದ ಕಾರಿನವನು ಅರ್ಧ ದಾರಿಯಲ್ಲಿದ್ದ.

ಮಾವ ಬೆಳ್ಳಪ್ಪ ಕಾಯುತ್ತಿದ್ದವನಂತೆ ಎದ್ದು ಬಂದ. ಕೊಡಚಾದ್ರಿಗೆ ಜೀಪು ಹತ್ತಿಸಿಯೇ ಆಯುಷ್ಯ ಕಳೆದವನು.

"ಹಿಂದೆ ಭಾರ ಇಲ್ಲ, ಅದ್ಕೇ ಹಿಂಗೆ. ಕೆಸರಲ್ಲಿ ಜೀಪು ಹತ್ತದೇ ಹೋದ್ರೆ ನಾವು ಎಂತ ಮಾಡ್ತಿದ್ವಿ? ನಾಕು ಜನ ಹಿಂದೆ ಜೋತು ಬೀಳ್ತಿದ್ರು. ಹತ್ತೇಬಿಡ್ತಿತ್ತು."

"ಮಾವ, ಜೀಪನ್ನ ಹಿಂದಿನ ಚಕ್ರ ದೂಡ್ತದೆ. ಇದನ್ನ ಮುಂದಿನ ಚಕ್ರ ಎಳೀತದೆ."

"ಚಕ್ರ ಎಲ್ಲಿದ್ರೂ ಚಕ್ರವೇ ಮಾರಾಯ್ತಿ."

ಅವಳು ಹೆಲ್ಮೆಟ್ ತರಲು ಹೋಗಿ ಬರುವಷ್ಟರಲ್ಲಿ ಡಿಕ್ಕಿಯೊಳಗೆ ಮರಳಿನ ಮೂಟೆ ಕೂತಿತ್ತು. ಅದು ಗೊತ್ತಾದದ್ದು ಎರಡನೇ ಪ್ರಾಕ್ಟೀಸಿನಲ್ಲಿ. ಕಾರಿನ ಹಿಂಭಾಗ ಕುಸಿದು, ಮೂತಿ ಆಕಾಶ ನೋಡಿ, ಮುಂದಿನ ಟಯರು ನೆಲವನ್ನು ಸವರಿದ್ದೇ ಬಂತು. ನೋಡಲು ನಿಂತವರು ಸಿಳ್ಳೆ ಹಾಕಿದರು.

ಕೆಳಗಿಳಿದು ಅವಳು ಡಿಕ್ಕಿ ತೆಗೆದಳು. ಅಳುವೋ ನಗುವೋ ತಿಳಿಯದಷ್ಟು ರೇಗಿಹೋಗಿತ್ತು.

"ಮಾವ, ಎತ್ತಿನ ಗಾಡಿಗೆ ಹಿಂದ್ಗಡೆ ಭಾರ ಹೇರಿದ್ರೆ ಏನಾಗ್ತದೆ?"

"ನೊಗ ಮೇಲೇಳ್ತದೆ."

"ಎತ್ತು ಎಳೀತದಾ ಆಗ?"

ಬೆಳ್ಳಪ್ಪ ಡಿಕ್ಕಿಯೊಳಗೆ ಬಗ್ಗಿದ. ಏನೋ ಗೊಣಗುತ್ತ ಮೂಟೆಯನ್ನು ತಾನೇ ಹೊತ್ತು ಇಳಿಸಿದ.

ಉಳಿದದ್ದನ್ನು ಅವಳೇ ಮಾಡಿದಳು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನೂ ತೆಗೆದಿಟ್ಟಳು. ನೆಲವನ್ನು ಅಗಲವಾಗಿ ಹಿಡಿಯಲೆಂದು ಮುಂದಿನ ಟಯರುಗಳ ಗಾಳಿ ಸ್ವಲ್ಪ ಇಳಿಸಿ, ಅವಕ್ಕೆ ಮೆತ್ತಿದ್ದ ಧೂಳು ಒರೆಸಿದಳು. ಬಾನೆಟ್ಟಿಗೆ ಹುಲಿಯ ಚಿತ್ರ ಅಂಟಿಸಿ ಕೆಳಗೆ ಬೋಳು ಟಯರಲ್ಲಿ ಬಂದಿದ್ದ ಪಕ್ಕದವನು "ಅಕ್ಕ, ಒರೆಸಿದ್ರೆ ಓಡ್ತದಾ?" ಎಂದು ನಕ್ಕ.

ಬಾವುಟ ಬಿತ್ತು. ಅವನು ಈ ಸಲ ಪೂರ್ತಿ ರೇಸ್ ಕೊಟ್ಟು ಹೊಗೆಯೊಳಗೆ ಮುಳುಗಿದ. ಸುಪ್ರಿಯಾ ಆಕ್ಸಿಲರೇಟರನ್ನು ಅರ್ಧವಷ್ಟೇ ಒತ್ತಿ, ದಿನವೂ ಬಾಯಲ್ಲಿ ಹೇಳುವುದನ್ನೇ ಕಾಲಲ್ಲಿ ಮಾಡಿದಳು. ಕ್ಲಚ್ಚು ನಿಧಾನ, ನಿಧಾನ. ಟಯರು ಕಾಂಕ್ರೀಟನ್ನು ಕಚ್ಚಿ ಹಿಡಿಯಿತು. ಕೊನೆಗೆ ಅವನು ಬೆನ್ನಿಗೇ ಬಂದ, ಆದರೆ ಗೆರೆ ದಾಟಿದ್ದು ಇವಳು ಮೊದಲು.

ಬೆಳ್ಳಪ್ಪ ಲಿಖಿತನ ಬೆರಳಿನಿಂದ ಕೀ ಕಿತ್ತು ಅವಳ ಕೈಗಿಟ್ಟ. "ತಗೋ. ಗೆದ್ದಿದೀಯ, ಕಾರು ನಿಂದೇ."

"ಸೋತಿದ್ರೂ ನಂದೇ, ಮಾವ."

ಅವಳು ಪಂಪು ಹಿಡಿದು ಟಯರಿಗೆ ಮತ್ತೆ ಗಾಳಿ ತುಂಬಲು ಕುಳಿತಳು. ಮನೆಗೆ ಹೋಗಬೇಕಾದದ್ದು ಹೊಂಡದ ರಸ್ತೆಯಲ್ಲೇ. ಬೆಳ್ಳಪ್ಪ "ಆದ್ರೂ ಆ ಮೂಟೆ ಇದ್ದಿದ್ರೆ..." ಎಂದು ಶುರುಮಾಡಿದವನು ಸೊಸೆಯ ಮುಖ ನೋಡಿದ. ಮಾತು ಅಲ್ಲಿಗೇ ಬಿಟ್ಟು, ಮೂಟೆಯನ್ನು ತಂದು ಲಿಖಿತನ ಬೈಕಿನ ಹಿಂದಿನ ಸೀಟಿಗೆ ಹೇರಿದ.