ಅಡುಗೆಮನೆಗೆ ವಾರದ ರಜೆ

ಬೆಳಕು ಹರಿಯುವ ಮೊದಲು ಅವಳು ಮಾಡುತ್ತಿದ್ದ ಕೆಲಸಗಳು ಇವು: ನಲ್ಲಿಯಲ್ಲಿ ನೀರು ಬರುವ ಮುಕ್ಕಾಲು ಗಂಟೆಯಲ್ಲಿ ಎರಡು ಡ್ರಮ್ಮು, ಏಳು ಬಿಂದಿಗೆ ತುಂಬಿಸುವುದು, ರಾತ್ರಿಯ ಪಾತ್ರೆ ಉಜ್ಜುವುದು, ಅತ್ತೆ ಒಳಗಿಂದ ಕೆಮ್ಮಿದೊಡನೆ ಟೀ, ಆಮೇಲೆ ಅವರ ಮೊಣಕಾಲಿಗೆ ಎಣ್ಣೆ, ಗಂಡನ ಅಂಗಿಗೆ ಇಸ್ತ್ರಿ, ಅವನ ಊಟದ ಡಬ್ಬಿ, ಕಾಣೆಯಾದ ಅವನ ಇನ್ನೊಂದು ಕಾಲುಚೀಲದ ಹುಡುಕಾಟ. ಇಷ್ಟನ್ನೇ ಹೊರದೇಶದ ಮನೆಯೊಂದರಲ್ಲಿ ಮಾಡಿದರೆ ಸಂಬಳವಿದೆ, ವಾರಕ್ಕೊಂದು ರಜೆಯಿದೆ ಎಂದು ಏಜೆಂಟ್ ಹೇಳಿದ್ದ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳು ರಜೆಯ ಮುಖ ಕಂಡಿರಲಿಲ್ಲ. ಪಾಸ್‌ಪೋರ್ಟ್ ಮಾಡಿಸಿಯೇಬಿಟ್ಟಳು.

ಆಗ ಉದ್ಯೋಗ ಕಚೇರಿ ಅಡ್ಡ ಬಂತು. ಹೆಂಗಸರು ಮನೆಗೆಲಸಕ್ಕೆಂದು ದೇಶ ಬಿಡಬಾರದು, ಆ ಕೆಲಸವನ್ನು ಇಲ್ಲೇ ಸೃಷ್ಟಿಸಬೇಕು ಎಂದು ಅದಕ್ಕೆ ಆದೇಶವಾಗಿತ್ತು. ಗುಮಾಸ್ತ ಅವಳ ಅಡುಗೆಮನೆಯಲ್ಲೇ ಕೂತು ಸಂದರ್ಶನ ಮಾಡಿದ.

“ಅನುಭವ?”

“ಇಪ್ಪತ್ತೆರಡು ವರ್ಷ.”

“ಎಲ್ಲಿ?”

“ನೀವು ಕೂತಿರೋ ಜಾಗದಲ್ಲೇ.”

“ಸ್ವಂತ ಮನೇದು ಲೆಕ್ಕಕ್ಕೆ ಬರಲ್ಲಮ್ಮ. ಕೆಲಸ ಅಂದ್ರೆ ಗೋಡೆ ಆಚೆ ಇರ್ಬೇಕು.”

ಗೋಡೆಯಾಚೆಯ ಪಕ್ಕದ ಮನೆಯಾಕೆಯೂ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಗುಮಾಸ್ತ ತಲೆ ಓಡಿಸಿ ಇಬ್ಬರನ್ನೂ ಅದಲುಬದಲು ಮಾಡಿದ: ಇವಳಿಗೆ ಅವಳ ಮನೆ, ಅವಳಿಗೆ ಇವಳ ಮನೆ, ಇಬ್ಬರಿಗೂ ಕಚೇರಿಯಿಂದ ಸಂಬಳ. ಭಾನುವಾರ ಅಡುಗೆಮನೆಯ ಬಾಗಿಲಿಗೆ ತೂಗುಹಾಕಲು ‘ಇಂದು ರಜೆ’ ಎಂಬ ತಗಡಿನ ಫಲಕವನ್ನೂ ಒಂದೊಂದು ಕೊಟ್ಟು, ಎರಡು ಉದ್ಯೋಗ ಸೃಷ್ಟಿಯಾದವು ಎಂದು ಬರೆದುಕೊಂಡು ಹೋದ.

ಸೋಮವಾರ ನಸುಕಿನಲ್ಲಿ ಇಬ್ಬರೂ ಗೇಟಿನ ಬಳಿ ಎದುರಾದರು.

“ಉಪ್ಪು ಎಡಗಡೆ ಡಬ್ಬೀಲಿದೆ ಕಣೆ,” ಎಂದಳು ಇವಳು.

“ನಮ್ಮೋರು ಇನ್ನೊಂದು ಚಮಚ ಸಕ್ಕರೆ ಕೇಳ್ತಾರೆ. ಹಾಕ್ಬೇಡ,” ಎಂದಳು ಪಕ್ಕದ ಮನೆಯಾಕೆ. ಇಬ್ಬರೂ ಡ್ಯೂಟಿಗೆ ಹೋದರು.

ಅಂದಿನಿಂದ ಅತ್ತೆ ಕೆಮ್ಮುವುದನ್ನು ಬಿಟ್ಟರು. “ಎಣ್ಣೆ ನಾನೇ ಹಚ್ಕೋತೀನಮ್ಮ. ನಿನಗೂ ಕೆಲಸ ಇರುತ್ತೆ,” ಎಂದು ಪಕ್ಕದ ಮನೆಯಾಕೆಗೆ ಕುರ್ಚಿ ಸರಿಸಿಕೊಟ್ಟರು. ಗಂಡ ತನ್ನ ಕಾಲುಚೀಲವನ್ನು ತಾನೇ ಹುಡುಕಿ, ಎರಡನ್ನೂ ಕಂಡುಹಿಡಿದ. ಸಿಬ್ಬಂದಿಯ ಎದುರು ಅವರಿಗೂ ಮಾನ ಮರ್ಯಾದೆ ಇತ್ತು. ಮುಂದಿನ ಸೋಮವಾರ ಪಾಸ್‌ಪೋರ್ಟ್ ಒಯ್ಯಲು ಬರುವ ಏಜೆಂಟನಿಗೆ ‘ಬೇಡ’ ಅನ್ನಬೇಕೆಂದು ಅವಳು ಅಂದುಕೊಂಡಳು.

ಶನಿವಾರ ಸಂಜೆ ಪಕ್ಕದ ಮನೆಯಾಕೆ ಫಲಕ ತೂಗುಹಾಕಿ ಹೊರಟಳು.

“ಪಾಪ, ನಾಳೆ ಅವಳಿಗೆ ರಜೆ,” ಎಂದರು ಅತ್ತೆ. “ಹೇಗೂ ನೀನು ಮನೇಲೇ ಇರ್ತೀಯಲ್ಲ.”

“ನನಗೂ ರಜೆ, ಅತ್ತೆ.”

“ಅದು ಆ ಮನೇಲಿ. ಇಲ್ಲೇನು ನೀನು ಕೆಲಸಕ್ಕಿದ್ದೀಯಾ?”

“ಅಮ್ಮ ಹೇಳೋದು ನಿಯಮದ ಪ್ರಕಾರವೇ ಇದೆ,” ಎಂದ ಗಂಡ.

ಭಾನುವಾರ ನಾಲ್ಕಕ್ಕೇ ಎಚ್ಚರವಾಯಿತು. ಗಂಡ ಹಜಾರದಲ್ಲಿ ಗೊರಕೆ ಹೊಡೆಯುತ್ತಿದ್ದ. ಅತ್ತೆಯ ಕೋಣೆಯಿಂದ ಆರು ದಿನ ಕೇಳದ ಕೆಮ್ಮು ಕೇಳಿತು. ಅವಳು ಪಾಸ್‌ಪೋರ್ಟ್ ಹಿಡಿದು ಹಾಸಿಗೆಯಲ್ಲೇ ಕೂತಳು. ಇವತ್ತು ಒಲೆ ಹಚ್ಚಿದರೆ ನಾಳೆ ಏಜೆಂಟನಿಗೆ ಇದನ್ನು ಕೊಟ್ಟು ಹೊರದೇಶಕ್ಕೆ ಹೋಗುವುದೇ ಸರಿ. ಅಷ್ಟು ದೂರ ಹೋಗಬೇಕಾದದ್ದು ಬರೀ ಒಂದು ಭಾನುವಾರಕ್ಕಾಗಿ.

ಎದ್ದು ಅಡುಗೆಮನೆಗೆ ಹೋದಳು. ಹೆಜ್ಜೆ ಸಪ್ಪಳ ಕೇಳಿ ಕೆಮ್ಮು ನಿಂತಿತು. ಬಾಗಿಲಲ್ಲಿದ್ದ ಫಲಕ ಬಿಚ್ಚಿ ತಂದು ತನ್ನ ಕೋಣೆಯ ಹೊರಚಿಲಕಕ್ಕೆ ತೂಗುಹಾಕಿದಳು. ಪಾಸ್‌ಪೋರ್ಟನ್ನು ಟ್ರಂಕಿನ ತಳಕ್ಕೆ ತಳ್ಳಿ, ಒಳಗಿನಿಂದ ಅಗುಳಿ ಹಾಕಿಕೊಂಡು ಮಲಗಿದಳು.