ನೋಡದೆ ಬರೆದ ಸೂರ್ಯ

ಮಾರುತಿ, ಆ ದಿನ ನಾನು ಗುಡ್ಡದ ಮೇಲೆ ಇರಲೇ ಇಲ್ಲ. ದಾಖಲೆ ಪುಸ್ತಕದಲ್ಲಿ ನನ್ನ ಕೈಬರಹ ಇದೆ, ಸಹಿ ಇದೆ, ಹತ್ತೂವರೆಯಿಂದ ಒಂದು ಗಂಟೆಯವರೆಗೆ ಕಾಲುಗಂಟೆಗೊಮ್ಮೆ ‘ಆಕಾಶ ನಿರ್ಮಲ, ವಿಶೇಷವೇನಿಲ್ಲ’ ಎಂದು ಬರೆದದ್ದೂ ಇದೆ — ಎಲ್ಲ ಸುಳ್ಳು. ಆರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಳಿತೆ. ಓದಿ ಹರಿದು ಹಾಕು ಬೇಕಾದರೆ, ಆದರೆ ಪೂರ್ತಿ ಓದು.

ನಮ್ಮ ಕೆಲಸ ಏನಿತ್ತೆಂದು ನಿನಗೆ ಹೇಳಬೇಕಾಗಿಲ್ಲ. ಆದರೆ ಇದನ್ನು ನಿನ್ನ ಮಕ್ಕಳೂ ಓದಬೇಕು, ಅದಕ್ಕೇ ಬರೆಯುತ್ತೇನೆ. ಎಪ್ಪತ್ಮೂರರಲ್ಲಿ ಸ್ಕೈಲ್ಯಾಬ್ ಎಂಬ ಅಂತರಿಕ್ಷ ನಿಲ್ದಾಣ ಮೇಲೆ ಸುತ್ತುತ್ತಿತ್ತು. ಅದರ ದೂರದರ್ಶಕ ಸೂರ್ಯನ ಎಕ್ಸ್-ರೇ ಚಿತ್ರ ತೆಗೆಯುತ್ತಿತ್ತು. ಆ ಕಿರಣಗಳು ನೆಲಕ್ಕೆ ಇಳಿಯುವುದಿಲ್ಲ. ಕೆಳಗಿದ್ದವರು ಅದೇ ಹೊತ್ತಿಗೆ ಸೂರ್ಯನನ್ನು ಕೆಂಪು ಗಾಜಿನಲ್ಲಿ ನೋಡಿ, ಎಲ್ಲಿ, ಎಷ್ಟು ಗಂಟೆಗೆ ಜ್ವಾಲೆಯ ಕಿಡಿ ಎದ್ದಿತೆಂದು ಬರೆಯಬೇಕು. ಎರಡೂ ಹೊಂದಿದರೇ ಲೆಕ್ಕ. ಸವದತ್ತಿ ಗುಡ್ಡದ ಮೇಲೆ ನಾನು, ತೊರಗಲ್ಲ ಕೋಟೆಯ ಮೇಲೆ ನೀನು — ಒಂದು ಕಡೆ ಮೋಡವಾದರೆ ಇನ್ನೊಂದು ಕಡೆಯಾದರೂ ಬಿಸಿಲಿರಲಿ ಎಂದು. ಇಬ್ಬರೂ ಹಂಗಾಮಿ ನೌಕರರು. ಕಾಯಂ ಮಾಡುವುದು ಒಬ್ಬನನ್ನೇ ಎಂದು ನಮ್ಮಿಬ್ಬರ ಮೇಲಿನ ಸಾಹೇಬರು ಮೊದಲೇ ಹೇಳಿದ್ದರು.

ಅಂದು ಪಕ್ಷಮಾಸ, ನಮ್ಮಪ್ಪನ ತಿಥಿ. ಹಿರಿಮಗ ನಾನೇ. ಗುಡ್ಡದ ಕೆಳಗೆ ಮನೆಯಲ್ಲಿ ಬ್ರಾಹ್ಮಣರು ಕಾದಿದ್ದರು, ಅವ್ವ ಎರಡು ಸಲ ಹೇಳಿಕಳಿಸಿದ್ದಳು. ರಜೆ ಕೇಳಿದ್ದರೆ ಸಿಗುತ್ತಿತ್ತು. ಕೇಳಿದರೆ ನೌಕರಿ ನಿನ್ನ ಪಾಲಾದೀತೆಂದು... ನಾಲ್ಕು ದಿನದಿಂದ ಸೂರ್ಯ ಸಪ್ಪಗಿದ್ದ, ಇವತ್ತೇನು ಆಗುತ್ತದೆ ಎಂದುಕೊಂಡು ಎರಡೂವರೆ ತಾಸಿನ ದಾಖಲೆಯನ್ನು ಮುಂಚೆಯೇ ತುಂಬಿ, ಕೀಲಿ ಹಾಕಿ ಇಳಿದೆ.

ಹನ್ನೊಂದೂ ಇಪ್ಪತ್ತಕ್ಕೆ ನೀನು ಸೂರ್ಯನ ಪಶ್ಚಿಮದ ಅಂಚಿನಲ್ಲಿ ಕಿಡಿ ಕಂಡೆ. ಹದಿನಾಲ್ಕು ನಿಮಿಷ ಉರಿಯಿತೆಂದು ಬರೆದೆ, ರಾಮದುರ್ಗದಿಂದ ತಂತಿ ಕೊಟ್ಟೆ. ನಾನು ಆಗ ಎಳ್ಳುನೀರು ಬಿಡುತ್ತಿದ್ದೆ.

ವಾರದ ಮೇಲೆ ಸಾಹೇಬರು ಬಂದು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟರು. ನಿನಗೆ ಅವರು ಹೇಳಿದ್ದು ನನಗಿನ್ನೂ ಕೇಳಿಸುತ್ತದೆ: “ಕಾಂಬಳೆ, ಜೋಶಿಯವರದು ತಲೆತಲಾಂತರದಿಂದ ಪಂಚಾಂಗ ಬರಿಯೋ ಮನಿತನ. ಸೂರ್ಯನ ವಿಷಯದಾಗ ಅವರು ಸುಳ್ಳ ಬರದಾರಂತೀರೇನು?”

ನೀನು ನನ್ನ ಕಡೆ ತಿರುಗಿದೆ. “ಜೋಶಿ, ನೀ ಅಲ್ಲೇ ಕುಂತಿದ್ದಿ. ಒಂದ ಮಾತ ಹೇಳೋ. ಕಾಣಲಿಲ್ಲೇನು ನಿನಗ?”

“ಇಲ್ಲೋ ಮಾರುತಿ. ಆಕಾಶ ಸ್ವಚ್ಛ ಇತ್ತು. ಏನೂ ಇರಲಿಲ್ಲ.”

“ಹಂಗಾರ ಆತು ಬಿಡು” ಅಂದೆ ನೀನು. ನಿನ್ನಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವರು, ನಿಮ್ಮ ಓಣಿಯಿಂದ ಬಿ.ಎಸ್ಸಿ. ಮಾಡಿದವ ನೀನೊಬ್ಬನೇ. ಆ ಕೋಣೆಯಲ್ಲಿ ಯಾರ ಮಾತು ನಿಲ್ಲುತ್ತದೆಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ. ತಿಂಗಳಾಗುವುದರೊಳಗೆ ನಿನ್ನನ್ನು ಬಿಡಿಸಿದರು, ನನ್ನನ್ನು ಕಾಯಂ ಮಾಡಿದರು.

ಇಷ್ಟಕ್ಕೇ ಮುಗಿದಿದ್ದರೆ... ಇಲ್ಲ, ಮುಗಿಯಲಿಲ್ಲ. ಮರುವರ್ಷ ಅಂತರಿಕ್ಷದಿಂದ ಇಳಿದ ಫಿಲ್ಮಿನ ಒಂದು ಪ್ರತಿ ನಮ್ಮ ವೀಕ್ಷಣಾ ಠಾಣೆಗೆ ಬಂತು. ಅದೇ ದಿನ, ಅದೇ ಹೊತ್ತು, ಅದೇ ಅಂಚಿನಲ್ಲಿ ಬೆಳ್ಳಗೆ ಉರಿಯುತ್ತಿದ್ದ ಕಿಡಿ. ನೆಲದಿಂದ ಯಾರಾದರೂ ಕಂಡಿದ್ದಾರೆಯೇ ಎಂದು ಕಳಿಸಿದವರು ಕೇಳಿದ್ದರು. ಉತ್ತರ ಬರೆಯುವವನು ನಾನೇ. ‘ಯಾರೂ ಇಲ್ಲ’ ಎಂದು ಬರೆದೆ. ಚಿತ್ರವನ್ನು ಟ್ರಂಕಿನ ತಳಕ್ಕೆ ಸೇರಿಸಿದೆ.

ಅಲ್ಲಿಂದ ಈ ಗುಡ್ಡ ನನ್ನನ್ನು ಬಿಟ್ಟಿಲ್ಲ. ವರ್ಗ ಕೇಳಲಾರೆ — ಬಂದವನು ಪುಸ್ತಕ ಬಿಚ್ಚಿದರೆ? ಬಡ್ತಿ ಬಂದರೂ ಬೇಡವೆಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಯಾರಾದರೂ ತೊರಗಲ್ಲ ಅಂದರೆ ಸಾಕು, ಬೆವರುತ್ತೇನೆ. ಹೆಂಡತಿಗೂ ಹೇಳಿಲ್ಲ. ಅಪ್ಪನ ತಿಥಿ ಬಂದರೆ ಎಳ್ಳುನೀರು ಬಿಟ್ಟು ಮುಗಿದರೂ ಏಳದೆ ಕುಳಿತಿರುತ್ತೇನೆ, ಅವ್ವ ಅದನ್ನು ಪಿತೃಭಕ್ತಿ ಅಂದುಕೊಂಡಿದ್ದಾಳೆ.

ಹೋದ ವಾರ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ನೀನೇ ಕೂಗಿ ಕರೆದೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಕ ಮಾಡುವ ಕೆಲಸದಲ್ಲಿದ್ದೇನೆಂದೆ. ಸುತ್ತ ಎಲ್ಲರ ಬಾಯಲ್ಲೂ ಸ್ಕೈಲ್ಯಾಬ್ ಬೀಳುವ ಮಾತೇ. ನೀನು ನಕ್ಕು, ಚಹಾ ಹೇಳಿ, ಆಮೇಲೆ ದನಿ ತಗ್ಗಿಸಿದೆ.

“ಜೋಶಿ, ಅವತ್ತ ನನ್ನ ಕಣ್ಣ ಮೋಸ ಮಾಡಿದುವೇನೋ? ಮಿರಜಿನ ದವಾಖಾನಿಗೆ ಹೋಗಿ ಎರಡ ಸಲ ತೋರಿಸಿದ್ನಿ. ದೋಷ ಏನೂ ಇಲ್ಲ ಅಂತಾರ. ಆದ್ರೂ ತೂಕದ ಮುಳ್ಳ ನೋಡಾಕ ಹತ್ತಿದ್ರ ನಂಬಿಕಿ ಬರೂದಿಲ್ಲ. ಮತ್ತೊಬ್ಬಾವನ್ನ ಕರದ ತೋರಸತೇನಿ.”

ಬಸ್ಸು ಬಂತೆಂದು ಹೇಳಿ ನಾನು ಎದ್ದೆ. ಚಹಾ ಅರ್ಧಕ್ಕೇ ಬಿಟ್ಟೆ. ಆಗಲೂ ಹೇಳಲಿಲ್ಲ, ಮಾರುತಿ — ಆಗಲೂ.

ಚಿತ್ರವನ್ನು ಇದರ ಜೊತೆಗೇ ಕಳಿಸಿದ್ದೇನೆ. ಇದೇ ಕಾಗದದ ಇನ್ನೊಂದು ಪ್ರತಿ, ಸಹಿ ಹಾಕಿ, ಇವತ್ತಿನ ಟಪಾಲಿಗೆ ಸಾಹೇಬರಿಗೂ ಹೋಗಿದೆ. ನೌಕರಿ ಹೋಗುತ್ತದೆ, ಹೋಗಲಿ. ಅದರಿಂದ ನಿನ್ನ ಆರು ವರ್ಷ ತಿರುಗಿ ಬರುವುದಿಲ್ಲ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಆ ಹೊತ್ತಿಗೆ ಈ ಸೀಮೆಯಲ್ಲಿ ಸೂರ್ಯನನ್ನು ನೋಡುತ್ತಿದ್ದವನು ನೀನೊಬ್ಬನೇ. ನೀನು ಕಂಡದ್ದು ನಿಜ.